ಚೆನ್ನಾಜಮ್ಮನ ಎದುರುಮಾತು

ನಮ್ಮೂರಿನಲ್ಲಿ ಅಕ್ಕಿ ಅಳೆಯುವ ಮೊದಲು ಹೆಂಗಸರು ಗಂಡನ ಮೊಬೈಲ್ ಈಸಿಕೊಂಡು ಒಮ್ಮೆ ನೋಡುತ್ತಾರೆ. ಬೆಳಗಿನಿಂದ ಕೂಟದಲ್ಲಿ ಯಾರ ಹೆಸರೆತ್ತಿ ಜಗಳ ಕಾದಿದ್ದಾನೆ ಎಂದು ತಿಳಿದರೆ ಮಧ್ಯಾಹ್ನಕ್ಕೆ ಎಷ್ಟು ತಟ್ಟೆ ಇಡಬೇಕೆಂದು ಗೊತ್ತಾಗುತ್ತದೆ. ಸತ್ತವರ ಹೆಸರು ಹಿಡಿದು ವಾದಕ್ಕಿಳಿದರೆ ಅವರು ಊಟದ ಹೊತ್ತಿಗೆ ಸರಿಯಾಗಿ ಬಂದು ಬಾಗಿಲಲ್ಲಿ ನಿಲ್ಲುತ್ತಾರೆ. ಕಾಲು ತೊಳೆದು ಒಳಗೆ ಬಂದು ಕೂತು ಉಣ್ಣುತ್ತಾರೆ, ವಾದ ಮುಗಿಯುವವರೆಗೆ ಇರುತ್ತಾರೆ. ನಮ್ಮೂರಿನವರು ವಾದ ಮುಗಿಸುವ ಪೈಕಿ ಅಲ್ಲವಾದ್ದರಿಂದ ಕೆಲವು ಮನೆಗಳಲ್ಲಿ ಅವರಿಗೆಂದೇ ಒಂದು ಚಾಪೆ, ಒಂದು ಟವೆಲ್ ಕಾಯಂ ಆಗಿ ಇರುತ್ತದೆ.

ಕೂಟವೆಂದರೆ ‘ನಮ್ಮೂರ ಚರಿತ್ರೆ ಮತ್ತು ರಾಜಕೀಯ ಚರ್ಚಾಕೂಟ’ ಎಂಬ ಮೊಬೈಲ್ ಗುಂಪು. ಮೊಬೈಲ್ ಇರುವವರೆಲ್ಲ ಅದರಲ್ಲಿದ್ದಾರೆ. ಮೊದಮೊದಲು ಎಷ್ಟು ಬರೆದರೆ ಎಷ್ಟು ಜನ ಬರುತ್ತಾರೆಂಬ ಅಳತೆ ಯಾರಿಗೂ ತಿಳಿದಿರಲಿಲ್ಲ. ಖಾನಾವಳಿಯ ರಾಚಪ್ಪ, ಕೋಟೆ ಕಟ್ಟಿಸಿದ ದೊರೆ ಬಡವರಿಂದ ಬಿಟ್ಟಿ ದುಡಿಸಿಕೊಂಡ ಕ್ರೂರಿ ಎಂದು ಬರೆಯುವ ಭರದಲ್ಲಿ ‘ಕುದುರೆ ಸವಾರರ ಸಮೇತ’ ಎಂದು ಒಂದು ಮಾತು ಸೇರಿಸಿಬಿಟ್ಟ. ಆ ಕುದುರೆಗಳು ಹೈಸ್ಕೂಲಿನ ಕೈತೋಟವನ್ನು ಮೇಯ್ದು ಮುಗಿಸಿದವು. ದೊರೆಯೇನೋ ಪಾಪದವನು. ಹೀಗೆ ಬಂದವರಿಗೆ ತಮ್ಮ ಬಗ್ಗೆ ಗೊತ್ತಿರುವುದು ಕರೆಸಿದವರು ಬರೆದಷ್ಟೇ. ಅದರಾಚೆಗೆ ಹೆತ್ತ ತಾಯಿಯ ಹೆಸರೂ ತಿಳಿದಿರುವುದಿಲ್ಲ. ತಾನು ಬಿಟ್ಟಿ ದುಡಿಸಿಕೊಂಡವನು ಎಂಬುದೊಂದನ್ನೇ ಬಲ್ಲ ಆ ದೊರೆ ತಲೆ ಎತ್ತದೆ ಉಂಡು, ತಟ್ಟೆಯನ್ನು ತಾನೇ ತೊಳೆದಿಟ್ಟು, ಖಾನಾವಳಿಯ ಹಿತ್ತಲಲ್ಲಿ ಸೌದೆ ಒಡೆಯುತ್ತಿದ್ದ. ಅಷ್ಟರಲ್ಲಿ ಇನ್ನೊಬ್ಬರು ಅವನಂಥ ಧರ್ಮಾತ್ಮ ಹುಟ್ಟಿಲ್ಲ ಎಂದು ಬರೆದರು. ಕೊನೆಗೆ ಬರೆದವರು ಯಾರೋ ಅವರ ಮನೆಗೆ ನಡೆಯುವುದು ಇವರ ಪದ್ಧತಿ. ದೊರೆ ಕೊಡಲಿ ಕೆಳಗಿಟ್ಟು ಮೀಸೆ ತಿರುವುತ್ತ ಆ ಬೀದಿಗೆ ಹೋದ. ವಾದ ಮಾಡುವುದಿದ್ದರೆ ತೆರಿಗೆ ಬಗ್ಗೆ ಮಾಡು, ತೆರಿಗೆ ಮನೆಗೆ ಬಂದು ಉಣ್ಣುವುದಿಲ್ಲ ಎಂದು ರಾಚಪ್ಪನ ಹೆಂಡತಿ ಅಂದಿನಿಂದ ಗಂಡನಿಗೆ ಕಟ್ಟಪ್ಪಣೆ ಮಾಡಿದ್ದಾಳೆ.

ನಾನು ತಿಪ್ಪೇಶ. ಬಸ್ ಸ್ಟ್ಯಾಂಡ್ ಎದುರು ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ. ಕೂಟಕ್ಕೆ ನಾನೇ ಅಡ್ಮಿನ್. ಇದೇನು ದೊಡ್ಡ ಮರ್ಯಾದೆಯಲ್ಲ; ಎಲ್ಲರ ಮೊಬೈಲೂ ಒಂದಲ್ಲ ಒಂದು ದಿನ ನನ್ನ ಕೈಗೆ ಬರುವುದರಿಂದ ನನ್ನ ತಲೆಗೆ ಕಟ್ಟಿದರು. ಅಡ್ಮಿನ್ ಆದವನು ಕೂಟದಲ್ಲಿ ಒಂದಕ್ಷರ ಬರೆಯಬಾರದು ಎಂಬುದು ನಮ್ಮಲ್ಲಿ ನಡೆದುಬಂದ ಕ್ರಮ. ನನಗಿರುವುದು ಒಂದೇ ಅಧಿಕಾರ, ಚರ್ಚೆಯನ್ನು ಲಾಕ್ ಮಾಡುವುದು. ಲಾಕ್ ಮಾಡಿದರೆ ಬಂದವರು ಕೈಯಲ್ಲಿದ್ದ ತುತ್ತು ಮುಗಿಸಿ ಹೊರಡುತ್ತಾರೆ. ಎಲ್ಲರೂ ಒಂದೇ ಮಾತಿಗೆ ಬಂದರೂ ಹೊರಡುತ್ತಾರೆ, ಎದುರುಮಾತು ಇಲ್ಲದ ಮನೆಯಲ್ಲಿ ಅವರು ನಿಲ್ಲುವುದಿಲ್ಲ. ಆದರೆ ನಮ್ಮೂರಲ್ಲಿ ಒಬ್ಬ ಇನ್ನೊಬ್ಬನ ಮಾತು ಒಪ್ಪುವುದನ್ನು ಕಾಯುತ್ತ ಕೂತರೆ ಅಕ್ಕಿ ಮೂಟೆ ಖಾಲಿಯಾಗುತ್ತದೆ. ಆದ್ದರಿಂದ ಹೆಂಗಸರು ಬಾಳೆಹಣ್ಣು ಹಿಡಿದು ನನ್ನ ಅಂಗಡಿಗೆ ಬರುತ್ತಾರೆ, ನಮ್ಮ ಮನೇದೊಂದು ಲಾಕ್ ಮಾಡಿಬಿಡಪ್ಪ ಎನ್ನುತ್ತಾರೆ. ಮಾಡಿದ್ದೇನೆ. ಎಷ್ಟೋ ದೊರೆಗಳನ್ನು, ಮಂತ್ರಿಗಳನ್ನು, ಹುತಾತ್ಮರನ್ನು ಹೀಗೆ ಊರಾಚೆ ಸಾಗಹಾಕಿದವನು ನಾನು. ಹೋಗಿಬನ್ನಿ ಎಂದು ಯಾರಿಗೂ ಕೈ ಬೀಸಿದವನಲ್ಲ.

ಗೋಲಿಬಾರಿನ ಚರ್ಚೆ ಏಳುವವರೆಗೆ ಇದೆಲ್ಲ ನಗುವ ಮಾತಾಗಿಯೇ ಇತ್ತು. ನಾನು ಚಡ್ಡಿ ಹಾಕುತ್ತಿದ್ದ ಕಾಲದಲ್ಲಿ ನಮ್ಮೂರಿನ ಸರ್ಕಾರಿ ಕಚೇರಿಯನ್ನು ಪಕ್ಕದ ಊರಿಗೆ ಎತ್ತಿಕೊಂಡು ಹೋಗುತ್ತಾರೆಂದು ದೊಡ್ಡ ಚಳವಳಿಯಾಗಿತ್ತು. ಯಾರೋ ಕಚೇರಿಯ ದಫ್ತರದ ಕೋಣೆಗೆ ಬೆಂಕಿ ಹಚ್ಚಿದರು, ಒಳಗೆ ಕಾವಲುಗಾರ ಸುಟ್ಟುಹೋದ, ಸಂತೆಪೇಟೆಯಲ್ಲಿ ಪೊಲೀಸರು ಗುಂಡು ಹಾರಿಸಿದರು. ಕಚೇರಿ ಹೇಗೂ ಹೋಯಿತು. ಆ ಗೋಲಿಬಾರಿನ ಮೇಲೆ ಕೂಟದಲ್ಲಿ ಎರಡು ಕಡೆ. ಕಾಲೇಜಿನಲ್ಲಿ ಇತಿಹಾಸ ಹೇಳಿ ನಿವೃತ್ತರಾದ ಚಿದಾನಂದಯ್ಯ ಮೇಷ್ಟ್ರು, ಸತ್ತವರು ನಿರಪರಾಧಿಗಳು, ಅದು ಸರ್ಕಾರಿ ಕೊಲೆ ಎನ್ನುತ್ತಾರೆ. ಹಾರ್ಡ್‌ವೇರ್ ಅಂಗಡಿಯ ಪರಶುರಾಮಪ್ಪ, ಅವರೆಲ್ಲ ಬೆಂಕಿ ಹಚ್ಚಿದ ರೌಡಿಗಳು, ಗುಂಡು ಬಿದ್ದದ್ದು ಸರಿ ಎನ್ನುತ್ತಾನೆ. ಇಬ್ಬರೂ ಹೆಸರೆತ್ತುತ್ತಿರಲಿಲ್ಲ. ಸತ್ತವರ ಮನೆಯವರು ಊರಲ್ಲಿ ಇನ್ನೂ ಬದುಕಿರುವಾಗ ಹೆಸರು ಬರೆಯಬಾರದೆಂಬ ಮರ್ಯಾದೆಯೊಂದು ಹೇಗೋ ಉಳಿದುಕೊಂಡಿತ್ತು. ಒಂದು ದಿನ ವಾದ ಕಾವೇರಿದಾಗ ಮೇಷ್ಟ್ರು ಅದನ್ನೂ ಮುರಿದರು. ‘ಎದೆಯೊಡ್ಡಿ ಗುಂಡಿಗೆ ಬಲಿಯಾದ ನಿರಪರಾಧಿ ಕೊಟ್ರೇಶ’ ಎಂದು ಬರೆದರು.

ಕೊಟ್ರೇಶನನ್ನು ನಾನು ಬಲ್ಲೆ. ನಮ್ಮಪ್ಪನ ರೇಡಿಯೋ ಅಂಗಡಿಯ ಎದುರಿನ ಸೈಕಲ್ ಶಾಪಿನಲ್ಲಿ ಕೆಲಸಕ್ಕಿದ್ದ. ಬಾಡಿಗೆ ಸೈಕಲ್ಲಿನ ಹೊತ್ತು ಮುಗಿದ ಮೇಲೂ, ಇನ್ನೊಂದು ರೌಂಡ್ ಹೋಗಿಬಾರಲೇ ಎಂದು ನಮ್ಮನ್ನು ಬಿಡುತ್ತಿದ್ದವನು. ಸತ್ತಾಗ ಮೀಸೆ ಸರಿಯಾಗಿ ಕಪ್ಪಾಗಿರಲಿಲ್ಲ. ಅವನ ತಾಯಿ ಚೆನ್ನಾಜಮ್ಮ ಮಂಡಕ್ಕಿ ಭಟ್ಟಿಯಲ್ಲಿ ಭತ್ತ ಹುರಿಯುತ್ತ ಈಗಲೂ ಇದ್ದಾಳೆ. ಗಂಡ ಮೊದಲೇ ಹೋಗಿದ್ದ, ಇವನೊಬ್ಬನೇ ಮಗ.

ಮೇಷ್ಟ್ರ ಮನೆಯ ಜಗುಲಿಯ ಮೇಲೆ ಕೊಟ್ರೇಶ ಕೂತಿದ್ದಾನೆ ಎಂದು ಯಾರೋ ಹೇಳಿದ ಕೂಡಲೇ ಚೆನ್ನಾಜಮ್ಮ ಭಟ್ಟಿಯ ಹೊಗೆ ಮೆತ್ತಿದ ಸೀರೆಯಲ್ಲೇ ಓಡಿದಳಂತೆ. ಅವನು ಎದ್ದು ನಿಂತು ಕೈ ಮುಗಿದು, ಯಾರಮ್ಮ ನೀವು ಎಂದು ಕೇಳಿದನಂತೆ. ಮೇಷ್ಟ್ರ ಪೋಸ್ಟಿನಲ್ಲಿ ತಾಯಿಯ ಮಾತಿರಲಿಲ್ಲ. ತಾನು ಎದೆಯೊಡ್ಡಿ ಬಲಿಯಾದವನು ಎಂಬುದಷ್ಟೇ ಗೊತ್ತಿದ್ದ ಹುಡುಗ ಎದೆ ಮುಂದೆ ಮಾಡಿಕೊಂಡೇ ಕೂತಿದ್ದ, ಒರಗಿ ಕೂರಲು ಅವನಿಗೆ ಬರುತ್ತಿರಲಿಲ್ಲ. ಅಲ್ಲಿಂದ ಅವಳು ನೇರ ನನ್ನ ಅಂಗಡಿಗೆ ಬಂದಳು. ಅಳಲಿಲ್ಲ. ಬರೆಯೋಕೆ ಬರುವಂಥ ಮೊಬೈಲೊಂದನ್ನು ಕೊಡು ಎಂದಳು.

“ನೀನೇ ಬರ್ದುಬಿಡು ಅನ್ನಲ್ಲ ತಿಪ್ಪೇಶಿ. ನೀನು ಬರ್ದ್ರೆ ಅವ್ನು ನಿನ್ ಮನಿಗೆ ಬರ್ತಾನೆ. ನನ್ ಮನಿಗೆ ಬರ್ಬೇಕು.”

ಯಾರೋ ಬಿಟ್ಟುಹೋಗಿದ್ದ ಹಳೇ ಸೆಟ್ಟೊಂದನ್ನು ಸರಿಮಾಡಿ ಕೊಟ್ಟೆ, ಕೂಟಕ್ಕೆ ಸೇರಿಸಿದೆ, ಅಕ್ಷರ ಒತ್ತುವುದನ್ನು ಹೇಳಿಕೊಟ್ಟೆ. ನಾಲ್ಕನೇ ಕ್ಲಾಸಿಗೆ ಬಿಟ್ಟ ಓದು. ಭಟ್ಟಿಯ ಬಿಸಿಗೆ ಗಟ್ಟಿಯಾದ ಬೆರಳಿನ ತುದಿಯನ್ನು ಮೊಬೈಲ್ ಗುರುತಿಸದೆ ಸತಾಯಿಸಿತು. ಆದರೂ ಬಿಡದೆ ನನ್ನ ಬೆಂಚಿನ ಮೇಲೆ ಕೂತು ಬರೆದಳು. ಕೊಟ್ರೇಶ ಶ್ರಾವಣದಲ್ಲಿ ಹುಟ್ಟಿದವನು, ಚೆನ್ನಾಜಮ್ಮನ ಮಗ. ಬಲಗಾಲಿನ ಮೇಲೆ ಸುಟ್ಟ ಕಲೆ, ತೆವಳುವ ವಯಸ್ಸಲ್ಲಿ ಭಟ್ಟಿಯ ಬಳಿ ಆದದ್ದು. ಮಂಡಕ್ಕಿಗೆ ಈರುಳ್ಳಿ ಹಾಕಿದರೆ ಆರಿಸಿ ಬದಿಗಿಡುತ್ತಾನೆ. ಸೈಕಲ್ ಶಾಪಿನಲ್ಲಿ ಚೈನುಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುವ ಕೆಲಸ ಅವನದು, ಎಷ್ಟು ಸೋಪು ತಿಕ್ಕಿದರೂ ಕೈಯ ವಾಸನೆ ಹೋಗುವುದಿಲ್ಲ. ಆ ದಿನ ಸೈಕಲ್ ಟ್ಯೂಬ್ ತರಲು ಸಂತೆಪೇಟೆಗೆ ಹೋಗಿದ್ದ. ಏನೂ ಮಾಡಿದವನಲ್ಲ.

ಮಾರನೆಯ ಮಧ್ಯಾಹ್ನ ಅವನು ಅವಳ ಮನೆಯ ಬಾಗಿಲಲ್ಲಿ ನಿಂತು ಅವ್ವಾ ಎಂದ. ಈ ಸುದ್ದಿ ತರುವಾಗ ಅವಳ ಮುಖ ನೋಡಬೇಕಿತ್ತು. ಅಷ್ಟು ವರ್ಷ ಅವಳು ಒಂದು ಸಲವೂ ನಕ್ಕದ್ದನ್ನು ನಾನು ಕಂಡಿರಲಿಲ್ಲವೆಂದು ನನಗೆ ಗೊತ್ತಾದದ್ದು ಆವತ್ತು. ಭಟ್ಟಿಗೆ ಹೋಗುವುದನ್ನು ಬಿಟ್ಟಳು. ಈರುಳ್ಳಿ ಹಾಕದೆ ಮಂಡಕ್ಕಿ ಕಲಸಿ ಕೊಡುತ್ತಿದ್ದಳು, ಅವನು ಗೋಡೆಗೆ ಒರಗಿ ಕಾಲು ಚಾಚಿ ತಿನ್ನುತ್ತಿದ್ದ. ಅವಳು ಬರೆಯಲು ಮರೆತದ್ದೇನಾದರೂ ನೆನಪಾದರೆ ತಟ್ಟನೆ ಎದ್ದು ಬರೆಯುತ್ತಿದ್ದಳು, ಅವನಿಗೂ ಆ ಕ್ಷಣ ನೆನಪಾಗುತ್ತಿತ್ತು. ಹೀಗೆ ಮಗನನ್ನು ಸ್ವಲ್ಪ ಸ್ವಲ್ಪವಾಗಿ ವಾಪಸು ಮಾಡಿಕೊಂಡಳು.

ಎಡವಟ್ಟಾದದ್ದು ಊರಿನವರ ಒಳ್ಳೆಯತನದಿಂದ. ಹುಟ್ಟಿದಾರಭ್ಯ ಯಾರ ಮಾತನ್ನೂ ಒಪ್ಪದ ನಮ್ಮ ಜನ ಚೆನ್ನಾಜಮ್ಮನ ಮಾತನ್ನು ಒಪ್ಪಿಬಿಟ್ಟರು. ನಿಮ್ಮ ಮಗ ನಿರಪರಾಧಿ ತಾಯಿ ಎಂದು ಒಬ್ಬೊಬ್ಬರಾಗಿ ಕೈ ಮುಗಿದ ಚಿತ್ರ ಹಾಕಿದರು. ಪರಶುರಾಮಪ್ಪನ ಕಡೆಯವರೂ ಹಾಕಿದರು. ಕೊನೆಗೆ ಪರಶುರಾಮಪ್ಪನೇ, ತಪ್ಪಾಯಿತು, ಕ್ಷಮಿಸಬೇಕು ಎಂದು ಬರೆದ. ಎದುರುಮಾತು ನಿಂತುಹೋಯಿತು. ಕೊಟ್ರೇಶ ಚಪ್ಪಲಿ ಹುಡುಕತೊಡಗಿದ. ಮೊದಲು ಬಾಗಿಲಲ್ಲಿ, ಆಮೇಲೆ ಅಂಗಳದಲ್ಲಿ ನಿಂತು ರಸ್ತೆ ನೋಡುತ್ತಿದ್ದ. ಅವಳು ತೋಳು ಹಿಡಿದು ಒಳಗೆ ಕರೆದರೆ ಬರುತ್ತಿದ್ದ, ಕೂರುತ್ತಿರಲಿಲ್ಲ.

ಅವಳು ಪರಶುರಾಮಪ್ಪನ ಅಂಗಡಿಗೆ ನನ್ನನ್ನೂ ಎಳೆದುಕೊಂಡು ಹೋದಳು. ಮೊಳೆಯ ಡಬ್ಬಗಳ ನಡುವೆ ಅವನು ಎದ್ದು ನಿಂತ. ನನ್ನ ಮಗನನ್ನು ಬೈದು ಎರಡು ಮಾತು ಬರೀರಿ ಎಂದು ಅವಳು ಕೇಳಿಕೊಂಡಳು.

“ಅವ್ನ್ಯಾರೋ ಏನೋ ಅನ್ನೋವಾಗ ಬಾಯಿಗೆ ಬಂದಂಗೆ ಬರ್ದೆ ಕಣಮ್ಮ. ಈಗ ಅವ್ನು ಈರುಳ್ಳಿ ಆರಿಸಿ ಇಡ್ತಿದ್ದ ಅಂತ ಗೊತ್ತಾದ್ಮೇಲೆ ಹೆಂಗೆ ಬರೀಲಿ?”

“ನಾ ಬೇಜಾರು ಮಾಡ್ಕಳ್ಳಲ್ಲಪ್ಪ. ರೌಡಿ ಅಂತ ಬರಿ. ಕಳ್ಳ ಅಂತ್ಲೂ ಬರಿ. ನಾ ಎದುರು ಬರೀತೀನಿ.”

ಪರಶುರಾಮಪ್ಪ ಅಷ್ಟು ದಪ್ಪ ಮನುಷ್ಯ, ಎರಡು ಸಲ ಒತ್ತಿ ಎರಡು ಸಲ ಅಳಿಸಿದ. ‘ಕೊಟ್ರೇಶ ಅಷ್ಟೇನೂ ಒಳ್ಳೆಯವನಾಗಿರಲಿಲ್ಲವೇನೋ’ ಎಂದು ಬರೆದ. ಊರೆಲ್ಲ ಅವನ ಮೇಲೆ ಬಿತ್ತು. ಹೆತ್ತ ಕರುಳಿಗೆ ಬೆಂಕಿ ಇಡುತ್ತೀಯಾ ಎಂದು ಮೇಷ್ಟ್ರು ಉದ್ದಕ್ಕೆ ಬರೆದರು. ಅವನು ಬರೆದದ್ದನ್ನು ಅಳಿಸಿ ಮತ್ತೆ ಕ್ಷಮೆ ಕೇಳಿದ. ಅವನನ್ನು ದೂರುವಂತಿಲ್ಲ. ಒಬ್ಬ ಮನುಷ್ಯನನ್ನು ಹತ್ತಿರದಿಂದ ಬಲ್ಲೆವೆಂದಾದ ಮೇಲೆ ಬೈಗುಳ ಅಷ್ಟು ಸರಾಗವಾಗಿ ಬರುವುದಿಲ್ಲ. ಕೂಟ ಇಷ್ಟು ವರ್ಷ ನಡೆದದ್ದೇ ಯಾರೂ ಯಾರನ್ನೂ ಅರಿಯದೆ ಇದ್ದುದರಿಂದ.

ಚೆನ್ನಾಜಮ್ಮ ಮನೆಗೆ ಹೋದಾಗ ಕೊಟ್ರೇಶ ಚಪ್ಪಲಿ ಮೆಟ್ಟಿಕೊಂಡು ಬೇಲಿಯ ಬಳಿ ಇದ್ದನಂತೆ. ಅವಳು ಅಲ್ಲೇ ನಿಂತು ಬರೆದಳು. ಯಾರನ್ನೂ ಕೇಳಲಿಲ್ಲ, ನನ್ನನ್ನೂ ಕೇಳಲಿಲ್ಲ. ‘ನಾನು ಸುಳ್ಳು ಹೇಳಿದೆ. ಕಚೇರಿಗೆ ಬೆಂಕಿ ಹಚ್ಚಿದ್ದು ನನ್ನ ಮಗ ಕೊಟ್ರೇಶನೇ. ಅವನ ಅಂಗಿಗೆ ಸೀಮೆಎಣ್ಣೆ ವಾಸನೆ ಇತ್ತು. ಆ ಬೆಂಕಿಯಲ್ಲಿ ಕಾವಲುಗಾರ ದುರುಗಪ್ಪ ಸತ್ತ.’

ಕೂಟ ಹೊತ್ತಿಕೊಂಡಿತು. ತಾಯಿಯೇ ಹೀಗೆ ಹೇಳಬಹುದೇ ಎಂದು ಕೆಲವರು, ತಾಯಿಯೇ ಹೇಳಿದ ಮೇಲೆ ಇನ್ನೇನು ಎಂದು ಕೆಲವರು. ಇಲ್ಲ ತಾಯಿ, ನೀವು ಯಾರದೋ ಬೆದರಿಕೆಗೆ ಮಣಿದು ಹೀಗೆ ಬರೆದಿದ್ದೀರಿ ಎಂದು ಮೇಷ್ಟ್ರು. ಯಾರು ಏನು ಬರೆದರೂ ಅದರ ಹಿಂದೆಯೇ ಅವಳು, ಇಲ್ಲ, ನನ್ನ ಮಗನೇ ಹಚ್ಚಿದ್ದು ಎಂದು ಬರೆಯುತ್ತಿದ್ದಳು. ಕೊನೆಯ ಮಾತು ಅವಳದೇ ಆಗಿರಬೇಕಿತ್ತಲ್ಲ. ಕೊಟ್ರೇಶ ಚಪ್ಪಲಿ ಬಿಟ್ಟು ಒಳಗೆ ಬಂದು ಕೂತ. ಅವಳು ಗೆದ್ದಳು ಎಂದೇ ನಾನು ತಿಳಿದೆ.

ದುರುಗಪ್ಪ ಎಂಬ ಹೆಸರು ಆವರೆಗೆ ಕೂಟದಲ್ಲಿ ಬಂದಿರಲೇ ಇಲ್ಲ. ಅಷ್ಟು ವರ್ಷದ ವಾದದಲ್ಲಿ ಎರಡೂ ಕಡೆಯವರಿಗೆ ಅವನು ‘ಒಬ್ಬ ಕಾವಲುಗಾರ’ ಅಷ್ಟೇ. ಅವನು ಸತ್ತದ್ದನ್ನು ಯಾರೂ ಅಲ್ಲ ಎನ್ನುತ್ತಿರಲಿಲ್ಲ, ಆದ್ದರಿಂದ ಯಾರ ಮನೆಗೂ ಅವನು ಬಂದಿರಲಿಲ್ಲ. ಮಗನ ಧ್ಯಾನದಲ್ಲಿದ್ದ ಚೆನ್ನಾಜಮ್ಮನಿಗೆ ತಾನು ಇನ್ನೊಂದು ತಟ್ಟೆ ಇಡಬೇಕಾಗುತ್ತದೆಂದು ಹೊಳೆದಿರಲಿಲ್ಲ. ಖಾಕಿ ಅಂಗಿ, ಖಾಕಿ ಟೋಪಿ ಹಾಕಿದ ಮನುಷ್ಯನೊಬ್ಬ ಮಧ್ಯಾಹ್ನ ಬಂದು ಅವಳ ಬಾಗಿಲಿನ ಪಕ್ಕ ಕಾವಲಿಗೆ ನಿಂತ. ಕರೆದರೆ ಒಳಗೆ ಬರಲಿಲ್ಲ. ತಾನು ಕಾವಲುಗಾರ, ಬೆಂಕಿಯಲ್ಲಿ ಸತ್ತವನು ಎಂಬುದೆರಡೇ ಅವನಿಗೆ ಗೊತ್ತಿದ್ದದ್ದು. ಊಟದ ತಟ್ಟೆಯನ್ನು ನಿಂತೇ ಇಸಿದುಕೊಂಡ. ಒಳಗೆ ಕೂತ ಕೊಟ್ರೇಶ ಅವನ ಬೆನ್ನು ನೋಡಿದ, ತಟ್ಟೆ ಸರಿಸಿದ. ಆಮೇಲೆ ಎದ್ದು ಬಚ್ಚಲಿಗೆ ಹೋಗಿ ಕೈ ತೊಳೆದುಕೊಂಡ, ಬಂದು ಮೂಸಿ ನೋಡಿದ, ಮತ್ತೆ ತೊಳೆದುಕೊಂಡ. ಅಂದಿನಿಂದ ಅವನಿಗೆ ಅದೇ ಕೆಲಸವಾಯಿತು. ಮಂಡಕ್ಕಿ ಕಲಸಿದ ತಟ್ಟೆ ಮೆತ್ತಗಾಗುತ್ತ ಅಲ್ಲೇ ಇರುತ್ತಿತ್ತು.

ದುರುಗಪ್ಪನ ಮಗಳು ಹನುಮಕ್ಕ ಬಸ್ ಕಂಡಕ್ಟರ್. ತಂದೆ ಸತ್ತಾಗ ಇನ್ನೂ ಶಾಲೆಗೆ ಸೇರಿರದ ಮಗು, ಈಗ ತಲೆಗೂದಲು ಅಲ್ಲಲ್ಲಿ ನೆರೆತ ಹೆಂಗಸು. ಡ್ಯೂಟಿ ಮುಗಿಸಿ ಟಿಕೆಟ್ ಯಂತ್ರದ ಚೀಲವನ್ನು ಹೆಗಲಲ್ಲಿ ಹಾಕಿಕೊಂಡೇ ನನ್ನ ಅಂಗಡಿಗೆ ಬಂದು, ಚೆನ್ನಾಜಮ್ಮನ ಮನೆ ತೋರಿಸಣ್ಣ ಎಂದಳು. ಬಾಗಿಲ ಬಳಿ ತನಗಿಂತ ಚಿಕ್ಕವನಾಗಿ ನಿಂತಿದ್ದ ತಂದೆಯ ಎದುರು ನಿಂತು ಅಪ್ಪಾ ಎಂದಳು. ಅವನು, ಒಳಗೆ ಹೋಗ್ಬೌದು ಅಮ್ಮಾವ್ರೆ ಎಂದು ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಆ ಹೆಂಗಸಿನ ಮುಖವನ್ನು ನಾನು ನೋಡಬಾರದಿತ್ತು.

ಒಳಗೆ ಹೋಗಿ ಚೆನ್ನಾಜಮ್ಮನ ಎದುರು ನೆಲದ ಮೇಲೆ ಕೂತಳು. ಬಚ್ಚಲಿನಲ್ಲಿ ನೀರು ಸುರಿಯುವ ಸದ್ದು ನಿಲ್ಲದೆ ಕೇಳುತ್ತಿತ್ತು.

“ಅವ್ನೇ ಹಚ್ಚಿದ್ದು ನಿಜಾನಾ ಅಜ್ಜಿ?”

ಚೆನ್ನಾಜಮ್ಮ ಬಚ್ಚಲಿನ ಕಡೆ ನೋಡಿದಳು. “ಗೊತ್ತಿಲ್ಲವ್ವ. ನಾ ನೋಡಿಲ್ಲ. ಅವ್ನು ಹೋಗ್ದಂಗೆ ನಿಲ್ಲಲಿ ಅಂತ ಬರ್ದೆ.”

“ಇಷ್ಟು ವರ್ಷ ಯಾರೋ ಹಚ್ಚಿದ್ರು ಅಂತಿತ್ತು. ಅದ್ಕೆ ಮುಖ ಇರ್ಲಿಲ್ಲ. ಹೆಂಗೋ ಬದುಕ್ದೆ.” ಹನುಮಕ್ಕ ದನಿ ಏರಿಸಲಿಲ್ಲ. “ಈಗ ಒಂದು ಮುಖ ಕೊಟ್ರಿ. ಅದು ನಿಜದ್ದಾ ಅಂದ್ರೆ ಗೊತ್ತಿಲ್ಲ ಅಂತೀರಿ. ನಾನು ಏನ್ ಮಾಡ್ಬೇಕು ಇದನ್ನ?”

ಕೊಟ್ರೇಶ ಬಚ್ಚಲಿನಿಂದ ಬಂದು, ಒದ್ದೆ ಕೈಗಳನ್ನು ಮೈಗೆ ತಗಲದಂತೆ ದೂರ ಹಿಡಿದು ಮೂಲೆಯಲ್ಲಿ ನಿಂತ. ಬೆರಳ ಗೆಣ್ಣುಗಳ ಚರ್ಮ ಕಿತ್ತುಹೋಗಿತ್ತು. ಹನುಮಕ್ಕ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಅವಳ ಬಸ್ಸಿನಲ್ಲಿ ಪಾಸು ತೋರಿಸಿ ಓಡಾಡುವ ಕಾಲೇಜು ಹುಡುಗರ ವಯಸ್ಸು. ಅವಳು ಏನು ಅನ್ನಬೇಕೆಂದು ಬಂದಿದ್ದಳೋ, ಅದನ್ನು ಅನ್ನಲಿಲ್ಲ. ತಲೆ ತಗ್ಗಿಸಿ, ನಮ್ಮಪ್ಪಂಗೆ ಒಬ್ಳು ಮಗಳಿದ್ಲು ಅಂತ ಒಂದ್ಸಲ ಬರೀರಿ ಎಂದು ಕೇಳಿದಳು. ನೀವು ಬರೆದರೇ ಅವನಿಗೆ ಗೊತ್ತಾಗುವುದು ಎಂದಳು.

ಚೆನ್ನಾಜಮ್ಮ ಮೊಬೈಲ್ ತೆಗೆದಳು. ಏನು ಬರೆಯಲಿ ಎಂದು ಕೇಳಿ ಕೇಳಿ ಬರೆದಳು. ದುರುಗಪ್ಪನಿಗೆ ಹನುಮಿ ಎಂಬ ಮಗಳು. ಕಾವಲು ಮುಗಿಸಿ ಮನೆಗೆ ಬರುವಾಗ ಕಚೇರಿಯ ಹಿಂದಿನ ಗಿಡದ ಬಾರೆಹಣ್ಣನ್ನು ಟೋಪಿಯಲ್ಲಿ ತುಂಬಿಕೊಂಡು ಬರುತ್ತಿದ್ದ. ಮಗಳು ಟೋಪಿ ಇಸಿದುಕೊಳ್ಳಲು ಓಣಿಯ ತುದಿಯವರೆಗೆ ಓಡುತ್ತಿದ್ದಳು. ಕೊನೆಯ ಅಕ್ಷರ ಒತ್ತಿದ್ದೇ, ಬಾಗಿಲ ಬಳಿ ನಿಂತಿದ್ದ ಮನುಷ್ಯ ತಿರುಗಿದ. ಹನುಮಿ ಎಂದ. ಅಷ್ಟು ದೊಡ್ಡ ಹೆಂಗಸಾದ ಮಗಳನ್ನು ನೋಡುತ್ತ ತಲೆಯ ಮೇಲಿನ ಟೋಪಿ ತೆಗೆದು ಒಳಗೆ ಕೈಯಾಡಿಸಿದ. ಏನೂ ಇರಲಿಲ್ಲ. ಇವತ್ತು ಮರೆತೆ ಕಣವ್ವ ಎಂದು ಅವನು ಅಪರಾಧಿಯಂತೆ ನಿಂತದ್ದನ್ನು ಕಂಡು ಹನುಮಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು.

ಅಂದು ನಾಲ್ವರೂ ಊಟಕ್ಕೆ ಕೂತರು. ಚೆನ್ನಾಜಮ್ಮ ನನಗೂ ಬಡಿಸಿದಳು. ದುರುಗಪ್ಪ ಮಗಳ ಟಿಕೆಟ್ ಯಂತ್ರವನ್ನು ತಿರುಗಿಸಿ ತಿರುಗಿಸಿ ನೋಡಿದ, ಅವಳು ಅವನಿಗೊಂದು ಟಿಕೆಟ್ ಹರಿದುಕೊಟ್ಟಳು. ಕೊಟ್ರೇಶ ಮಾತ್ರ ತಟ್ಟೆ ಮುಟ್ಟಲಿಲ್ಲ. ಚೆನ್ನಾಜಮ್ಮ ಮೂರು ಜನರಿಗೂ ಮಜ್ಜಿಗೆ ಬಡಿಸಿ, ಮಗನ ಎದುರು ಬಂದು ಕೂತು, ನನ್ನತ್ತ ತಿರುಗದೆಯೇ, ಇನ್ನು ಲಾಕ್ ಮಾಡಿಬಿಡು ತಿಪ್ಪೇಶಿ ಎಂದಳು. ಇವನು ಹೀಗೆ ಕೈ ತಿಕ್ಕುವುದನ್ನು ನೋಡಲಾರೆ, ಮನೆಯಲ್ಲಿ ಇಟ್ಟುಕೊಳ್ಳಲು ಇವನಿಗೆ ಇಂಥದ್ದನ್ನು ಹೊರಿಸಿದೆನಲ್ಲ ಎಂದಳು. ನಾನು ಹನುಮಕ್ಕನನ್ನು ನೋಡಿದೆ. ಅವಳು ತಂದೆಯ ಟೋಪಿಯನ್ನು ಮಡಿಲಲ್ಲಿ ಹಿಡಿದುಕೊಂಡಿದ್ದಳು. ಆಗಲಿ ಎಂಬಂತೆ ತಲೆಯಾಡಿಸಿದಳು.

ಲಾಕ್ ಮಾಡುವ ಮೊದಲು ಚೆನ್ನಾಜಮ್ಮ ಇನ್ನೊಂದು ಸಲ ಬರೆದಳು. ‘ಬೆಂಕಿ ಯಾರು ಹಚ್ಚಿದರೋ ನನಗೆ ಗೊತ್ತಿಲ್ಲ. ಕೊಟ್ರೇಶ ನನ್ನ ಮಗ.’ ಕೊಟ್ರೇಶ ತನ್ನ ಕೈಗಳನ್ನು ನೋಡಿಕೊಂಡ.

“ನಾನು ಹಚ್ಚಿದ್ನಾ ಅವ್ವಾ?”

“ಗೊತ್ತಿಲ್ಲ ಕಣೋ ಮಗ. ನಂಗೂ ಗೊತ್ತಿಲ್ಲ.”

ಅಷ್ಟು ಸಾಕಾಯಿತು ಅವನಿಗೆ. ತಟ್ಟೆ ಎಳೆದುಕೊಂಡು ಮೆತ್ತಗಾದ ಮಂಡಕ್ಕಿಯನ್ನು ತಿನ್ನತೊಡಗಿದ. ಅವಸರದಲ್ಲಿ ಅವಳು ಈರುಳ್ಳಿ ಹಾಕಿಬಿಟ್ಟಿದ್ದಳು, ಅವನು ಒಂದೊಂದಾಗಿ ಆರಿಸಿ ಬದಿಗಿಟ್ಟ. ಅವನು ಕೊನೆಯ ತುತ್ತು ತೆಗೆದುಕೊಳ್ಳುವವರೆಗೆ ಕಾದು ನಾನು ಲಾಕ್ ಒತ್ತಿದೆ. ಇಬ್ಬರೂ ಜೊತೆಯಾಗಿಯೇ ಹೊರಟರು. ಬೇಲಿಯ ಬಳಿ ದುರುಗಪ್ಪ, ಮುಂದೆ ನಡೀ ಮಗ ಎಂದು ಕೊಟ್ರೇಶನಿಗೆ ದಾರಿ ಬಿಟ್ಟದ್ದು ಕಾಣಿಸಿತು. ಜೀವಮಾನದಲ್ಲಿ ಮೊದಲ ಸಲ ನಾನು ಕೈ ಬೀಸಿದೆ.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಲಾಕ್ ಮಾಡಿದರೆ ಹೊಸ ಮಾತು ನಿಲ್ಲುತ್ತದೆಯೇ ಹೊರತು ಹಳೆಯದು ಅಳಿಯುವುದಿಲ್ಲ. ಮಗನೇ ಬೆಂಕಿ ಹಚ್ಚಿದ್ದು ಎಂದು ಚೆನ್ನಾಜಮ್ಮ ಬರೆದದ್ದನ್ನು ಊರವರು ಫೋಟೋ ತೆಗೆದಿಟ್ಟುಕೊಂಡಿದ್ದರು. ಕೊನೆಗೆ ಬರೆದದ್ದನ್ನು ಯಾರೂ ತೆಗೆದಿರಲಿಲ್ಲ. ಗೊತ್ತಿಲ್ಲ ಎಂಬ ಮಾತನ್ನು ಯಾರು ತಾನೇ ಎತ್ತಿಟ್ಟುಕೊಳ್ಳುತ್ತಾರೆ. ಚಿದಾನಂದಯ್ಯ ಮೇಷ್ಟ್ರು ಲಾಕ್ ಮಾಡಿದ್ದಕ್ಕೆ ನನ್ನ ಮೇಲೆ ಮುನಿಸಿಕೊಂಡು ತಮ್ಮದೇ ಬೇರೆ ಕೂಟ ತೆರೆದರು. ಅದರಲ್ಲಿ ನಾನು ಅಡ್ಮಿನ್ ಅಲ್ಲ, ಲಾಕ್ ನನ್ನ ಕೈಯಲ್ಲಿಲ್ಲ. ಕೊಟ್ರೇಶ ನಿರಪರಾಧಿ ಎಂದು ಅಷ್ಟು ಕಾಲ ಹೊಡೆದಾಡಿದ ಮೇಷ್ಟ್ರಿಗೆ ಈಗ ಅವನು ಬೆಂಕಿ ಹಚ್ಚಿದವನಾಗಿದ್ದರೇ ಚೆನ್ನ ಎನಿಸಿತ್ತು. ‘ಅನ್ಯಾಯದ ಕಚೇರಿಗೆ ಸೀಮೆಎಣ್ಣೆ ಸುರಿದು ಬೆಂಕಿಯಿಟ್ಟ ವೀರ ಕೊಟ್ರೇಶ’ ಎಂದು ಬರೆದು ಕೆಳಗೆ ಆ ಫೋಟೋ ಅಂಟಿಸಿದರು. ನಾನು ಅವರ ಮನೆಗೆ ಹೋಗಿ, ಆ ತಾಯಿ ಸುಳ್ಳು ಬರೆದದ್ದು, ಯಾಕೆಂದು ನಿಮಗೂ ಗೊತ್ತು ಎಂದೆ. ಚರಿತ್ರೆಗೆ ತಾಯಿ ಮಕ್ಕಳ ಮಾತು ಆಧಾರವಾಗುವುದಿಲ್ಲಪ್ಪ, ಬರೆದದ್ದು ಆಧಾರ ಎಂದರು ಅವರು. ಪರಶುರಾಮಪ್ಪನೊಬ್ಬ ಅದಕ್ಕೆ ಸೇರಲಿಲ್ಲ. ಆದರೆ ವೀರ ಎನ್ನುವವರಿಗೂ ಕೊಲೆಗಾರ ಎನ್ನುವವರಿಗೂ ಅಲ್ಲಿ ಬರವಿಲ್ಲ. ಎರಡು ಕಡೆಯವರೂ ಬೆಂಕಿ ಹಚ್ಚಿದ್ದು ಅವನೇ ಎಂಬುದನ್ನು ಒಪ್ಪಿಕೊಂಡೇ ಜಗಳವಾಡುತ್ತಾರೆ. ಆ ವಾದ ನಮ್ಮ ಕಾಲದಲ್ಲಂತೂ ಮುಗಿಯುವುದಿಲ್ಲ. ದುರುಗಪ್ಪ ಅಲ್ಲಿ ಮತ್ತೆ ‘ಒಬ್ಬ ಕಾವಲುಗಾರ’ ಆಗಿದ್ದಾನೆ, ಬರುವುದಿಲ್ಲ. ಹನುಮಕ್ಕ ಚೆನ್ನಾಜಮ್ಮನ ಬೀದಿಯ ಕಡೆ ಬಸ್ಸು ಹೋಗುವ ಡ್ಯೂಟಿ ಹಾಕಿಸಿಕೊಳ್ಳುವುದಿಲ್ಲವಂತೆ.

ಹೀಗಾಗಿ ಕೊಟ್ರೇಶ ಈಗ ಮಧ್ಯಾಹ್ನ ಮಧ್ಯಾಹ್ನ ಊರಿನ ಈ ಮನೆಯಿಂದ ಆ ಮನೆಗೆ ನಡೆಯುತ್ತಿರುತ್ತಾನೆ. ದಾರಿಯಲ್ಲಿ ನಲ್ಲಿ ಕಂಡಲ್ಲೆಲ್ಲ ನಿಂತು ಕೈ ತೊಳೆಯುತ್ತಾನೆ. ನನ್ನ ಅಂಗಡಿಯ ಮುಂದಿನಿಂದಲೂ ಹಾದು ಹೋಗುತ್ತಾನೆ, ನನ್ನನ್ನು ಗುರುತಿಸುವುದಿಲ್ಲ. ಅಂಟಿಸಿದ ಫೋಟೋ ಬರೆದದ್ದರ ಲೆಕ್ಕಕ್ಕೆ ಬರುವುದಿಲ್ಲವಾದ್ದರಿಂದ ತಾಯಿಯಿರುವುದೂ ಅವನಿಗೆ ತಿಳಿಯದು. ಕೊಟ್ರೇಶನಿಗೆ ತಾಯಿಯಿದ್ದಾಳೆ ಎಂದು ನಮ್ಮ ಕೂಟದಲ್ಲಿ ನಾನೇ ಕ್ರಮ ಮುರಿದು ಬರೆದು ನೋಡಿದೆ. ಯಾರೂ ಅಲ್ಲ ಎನ್ನಲಿಲ್ಲ. ಅದು ನಿಜವಾದ್ದರಿಂದ ಅದಕ್ಕೆ ಅವನು ಬರಲಿಲ್ಲ. ಚೆನ್ನಾಜಮ್ಮ ಮೊಬೈಲನ್ನು ನನಗೆ ವಾಪಸು ಕೊಟ್ಟು ಮತ್ತೆ ಭಟ್ಟಿಗೆ ಹೋಗುತ್ತಿದ್ದಾಳೆ. ಮಧ್ಯಾಹ್ನ ಅವನು ಹಾದುಹೋಗುವ ಹೊತ್ತಿಗೆ ಬಂದು ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ, ಮಂಡಕ್ಕಿಯ ಪೊಟ್ಟಣ ಇಟ್ಟುಕೊಂಡು ಕೂರುತ್ತಾಳೆ.

ನಿನ್ನೆ ಅವನು ಬಂದಾಗ ಎದ್ದು ದಾರಿಗೆ ಅಡ್ಡ ನಿಂತಳು. ಪೊಟ್ಟಣ ಕೊಡಲು ಅವನ ಕೈ ಹಿಡಿದಳು. ಅವನು ಗಾಬರಿಯಿಂದ ಕೈ ಹಿಂದಕ್ಕೆಳೆದುಕೊಂಡ.

“ಮುಟ್ಬ್ಯಾಡಿ ಅಮ್ಮ. ಕೈಗೆ ಸೀಮೆಎಣ್ಣೆ ವಾಸ್ನೆ ಐತೆ.”

“ಅದು ಸೈಕಲ್ ಶಾಪಿನ ವಾಸ್ನೆ ಕಣಪ್ಪ,” ಎಂದಳು ಚೆನ್ನಾಜಮ್ಮ. “ತಿನ್ನು.”

ಯಾವ ಸೈಕಲ್ ಶಾಪು ಎಂದು ಅವನಿಗೆ ತಿಳಿಯಲಿಲ್ಲ. ಕೊಟ್ಟವರ ಮುಖಕ್ಕೆ ಬೇಡವೆನ್ನಲಾಗದೆ ನಿಂತೇ ತಿಂದ. ಕಾಗದ ಮಡಿಸಿ ಅವಳ ಕೈಗೆ ಕೊಟ್ಟು, ಮೇಷ್ಟ್ರ ಮನೆ ಯಾವ ಕಡೆ ಎಂದು ಕೇಳಿದ. ಅವಳು ಜೊತೆಗೆ ನಡೆದು, ತಿರುವಿನವರೆಗೆ ಹೋಗಿ ದಾರಿ ತೋರಿಸಿದಳು.